ಪಂಕ್ತಿ ಮತ್ತು ಪೇಟೆ

ಯಾರೊಡನೆ ಕೂತು ಉಣ್ಣಬಹುದು ಎಂಬುದು ಬೆಂಗಳೂರಿನಲ್ಲಿ ಬಹುಕಾಲ ಧರ್ಮದ ಪ್ರಶ್ನೆಯಾಗಿತ್ತು. 12ನೇ ಶತಮಾನದ ಶರಣರು ದಾಸೋಹದಲ್ಲಿ ಪಂಕ್ತಿಭೇದ ಅಳಿಸಹೊರಟಿದ್ದರೂ, 20ನೇ ಶತಮಾನದ ಆರಂಭದ ಬ್ರಾಹ್ಮಣ ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಕೂರಿಸುವ ರೂಢಿ ಉಳಿದೇ ಇತ್ತು. ಅದನ್ನು ಸಡಿಲಿಸಿದ್ದರಲ್ಲಿ ವೇದಾಂತಕ್ಕಿಂತ ವ್ಯಾಪಾರದ ಪಾಲೇ ಹೆಚ್ಚೆನ್ನಬೇಕು. 1980ರ ದಶಕದಲ್ಲಿ ಬಂದ ದರ್ಶಿನಿಗಳಲ್ಲಿ ಕುರ್ಚಿಯೇ ಇಲ್ಲ. ಟೋಕನ್ ಕೊಟ್ಟು ಇಡ್ಲಿ-ವಡೆ ತಂದು ಎತ್ತರದ ಮೇಜಿನ ಮೇಲೆ ತಟ್ಟೆಯಿಟ್ಟವನು ಪಕ್ಕದವನ ಕುಲ ಕೇಳುವಷ್ಟರಲ್ಲಿ ಅವನು ಕಾಫಿಯನ್ನೂ ಮುಗಿಸಿ ಹೊರಟಿರುತ್ತಾನೆ! ಹಲಸೂರಿನ ಗುರುದ್ವಾರದ ಲಂಗರ್‌ನಲ್ಲಾದರೋ ಸಮಾನತೆ ತತ್ತ್ವದಿಂದಲೇ ಬಂದದ್ದು: ಯಾರೇ ಬರಲಿ, ಒಂದೇ ಸಾಲು, ಒಂದೇ ರೊಟ್ಟಿ-ದಾಲ್. ರಂಜಾನ್ ಸಂಜೆಗಳಲ್ಲಿ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ ಹಲೀಮಿಗಾಗಿ ನಿಲ್ಲುವವರಲ್ಲಿ ಉಪವಾಸವಿಲ್ಲದವರೂ ಸಾಕಷ್ಟು. ಬಾಡಿಗೆ ಮನೆ ಹುಡುಕುವವರಿಗೆ ಮಾತ್ರ ‘ನೀವು ನಾನ್‌ವೆಜ್ಜಾ?’ ಎಂಬ ಪ್ರಶ್ನೆ ಇಂದೂ ತಪ್ಪಿಲ್ಲ.