ಕೆಂಪು ದೀಪ ಯಾರ ಕೈಯಲ್ಲಿ

1990ರ ಮೊದಲ ತಿಂಗಳುಗಳಲ್ಲಿ ದಿಲ್ಲಿಯಲ್ಲಿ ಕರಾವಳಿಯ ಪಾಲಿಗೆ ಒಂದು ಅಪರೂಪದ ಯೋಗ ಕೂಡಿಬಂದಿತ್ತು. ರೈಲ್ವೆ ಮಂತ್ರಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಹಣಕಾಸು ಮಂತ್ರಿ ಕೊಂಕಣದ ರಾಜಾಪುರದಿಂದ ಗೆದ್ದುಬಂದ ಮಧು ದಂಡವತೆ. ಯೋಜನಾ ಆಯೋಗದ ಉಪಾಧ್ಯಕ್ಷರು ಸಿದ್ದಾಪುರದ ಕಡೆಯ ರಾಮಕೃಷ್ಣ ಹೆಗಡೆ. ಪಶ್ಚಿಮ ಕರಾವಳಿಗೆ ರೈಲು ಬೇಕೆಂಬ ಬೇಡಿಕೆ ಅಷ್ಟು ಹೊತ್ತಿಗೆ ಹಳತಾಗಿ ಹೋಗಿತ್ತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಉಡುಪಿ, ಕುಂದಾಪುರದ ಹುಡುಗರು ಊರಿನ ಕೋಲಕ್ಕೋ ಮದುವೆಗೋ ಬರಬೇಕೆಂದರೆ ಹೆದ್ದಾರಿಯ ಬಸ್ಸಿನಲ್ಲಿ ಸೊಂಟ ಮುರಿಸಿಕೊಂಡೇ ಬರಬೇಕಿತ್ತು. ಆ ಜುಲೈನಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಆಗಷ್ಟೇ ರೈಲ್ವೆಯಿಂದ ನಿವೃತ್ತರಾಗಿದ್ದ ಇ. ಶ್ರೀಧರನ್ ಅದರ ಮೊದಲ ಮುಖ್ಯಸ್ಥರಾದರು.

ರೋಹಾದಿಂದ ಮಂಗಳೂರಿನವರೆಗೆ 760 ಕಿಲೋಮೀಟರ್. ಅದರಲ್ಲಿ 273 ಕಿಲೋಮೀಟರ್ ನಮ್ಮ ರಾಜ್ಯದ್ದು. ತೊಂಬತ್ತಕ್ಕೂ ಹೆಚ್ಚು ಸುರಂಗ, ಎರಡು ಸಾವಿರದಷ್ಟು ಸಣ್ಣ ದೊಡ್ಡ ಸೇತುವೆ, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮೀರಿದ ಒಂದು. ಈ ಅಂಕಿಗಳನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು, ಇಷ್ಟು ದೊಡ್ಡ ಕೆಲಸದಲ್ಲಿ ಯಾರ ಮಾತು ಎಲ್ಲಿಯವರೆಗೆ ನಡೆಯುತ್ತಿತ್ತು ಎಂಬುದು. ‘ಮುಂದುವರಿಸಿ’ ಎನ್ನುವವರು ಯಾರು? ಅದಕ್ಕಿಂತ ಮುಖ್ಯವಾಗಿ, ‘ನಿಲ್ಲಿಸಿ’ ಎನ್ನುವ ಹಕ್ಕು ಯಾರಿಗಿತ್ತು?

ಸರ್ಕಾರಿ ಕೆಲಸ ನಡೆಯುವ ರೀತಿ ನಮಗೆಲ್ಲ ಗೊತ್ತು. ಕಡತ ಮೇಲಕ್ಕೆ ಹೋಗುತ್ತದೆ, ಬೈಗುಳ ಕೆಳಕ್ಕೆ ಬರುತ್ತದೆ. ಸ್ಥಳದಲ್ಲಿ ನಿಂತ ಎಂಜಿನಿಯರಿಗೆ ಕಣ್ಣೆದುರು ಕಾಣುವ ಸಂಗತಿಯನ್ನು ನೂರಾರು ಮೈಲಿ ದೂರದಲ್ಲಿ ಕೂತವರು ಒಪ್ಪಬೇಕು. ಒಪ್ಪುವಷ್ಟರಲ್ಲಿ ಮಳೆಗಾಲ ಬಂದು ದರೆ ಜಾರಿರುತ್ತದೆ. ರೈಲ್ವೆ ಮಂಡಳಿಯ ಬಜೆಟ್ಟಿನಲ್ಲಿ ಇಷ್ಟು ಹಣ ಸಿಗುವುದಿಲ್ಲ, ಸಿಕ್ಕರೂ ವರ್ಷಕ್ಕಿಷ್ಟು ಎಂದು ಚೂರುಚೂರಾಗಿ ಸಿಗುತ್ತದೆ ಎಂಬ ಕಾರಣಕ್ಕೇ ಪ್ರತ್ಯೇಕ ನಿಗಮ ಮಾಡಿದ್ದು. ಷೇರು ಬಂಡವಾಳದಲ್ಲಿ ಕೇಂದ್ರದ್ದು ಶೇಕಡಾ 51 ಪಾಲು, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣ ಬಾಂಡುಗಳ ಮೂಲಕ ಪೇಟೆಯಿಂದ ಎತ್ತಿದ ಸಾಲ. ಸಾಲಕ್ಕೆ ಬಡ್ಡಿ ಇದೆ, ಬಡ್ಡಿ ರಜೆ ತೆಗೆದುಕೊಳ್ಳುವುದಿಲ್ಲ. ಗಡುವಿಗೆ ಅಷ್ಟೊಂದು ಬೆಲೆ ಬಂದದ್ದು ಯಾರದೋ ಶಿಸ್ತಿನಿಂದ ಮಾತ್ರವಲ್ಲ, ಈ ಬಡ್ಡಿಯಿಂದಲೂ ಹೌದು.

ಮಾರ್ಗವನ್ನು ಏಳು ವಿಭಾಗ ಮಾಡಿದರು: ಮಹಾಡ್, ರತ್ನಾಗಿರಿ ಉತ್ತರ, ರತ್ನಾಗಿರಿ ದಕ್ಷಿಣ, ಕುಡಾಳ, ಗೋವಾ, ಕಾರವಾರ, ಉಡುಪಿ. ಒಂದೊಂದು ಸುಮಾರು ನೂರು ಕಿಲೋಮೀಟರ್, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್. ಸ್ಥಳದಲ್ಲೇ ತೀರ್ಮಾನ ಮಾಡುವ ಅಧಿಕಾರವನ್ನು ಅವರಿಗೇ ಬಿಟ್ಟುಕೊಟ್ಟಿದ್ದು ಈ ಯೋಜನೆಯ ನಿಜವಾದ ಸಾಹಸ. ಶ್ರೀಧರನ್ ಅವರನ್ನು ನಾವು ಒಬ್ಬಂಟಿ ನಾಯಕನಂತೆ ಹೊಗಳುತ್ತೇವೆ. ನಮಗೆ ಪ್ರತಿ ಸೇತುವೆಗೂ ಒಬ್ಬ ಹನುಮಂತ ಬೇಕು. ಆದರೆ ಅವರ ದೊಡ್ಡತನ ನನಗೆ ಕಾಣುವುದು ಬೇಲಾಪುರದ ಕೇಂದ್ರ ಕಚೇರಿಯಲ್ಲಿ ತಾವು ಮಾಡಬಹುದಾಗಿದ್ದ ಎಷ್ಟೋ ಸಹಿಗಳನ್ನು ಮಾಡದೆ ಬಿಟ್ಟದ್ದರಲ್ಲಿ. ಅಧಿಕಾರ ಹಂಚಿದ ಮೇಲೆ ಮತ್ತೆ ಮತ್ತೆ ಇಣುಕದೆ ಇರುವುದು ಅಧಿಕಾರ ಹಿಡಿದವರಿಗೆ ಎಷ್ಟು ಕಷ್ಟ ಎಂಬುದನ್ನು ಗ್ರಾಮ ಪಂಚಾಯಿತಿಯಿಂದ ಮೇಲಕ್ಕೆ ಎಲ್ಲಿ ಬೇಕಾದರೂ ನೋಡಬಹುದು.

ನೆಲದ ವಿಷಯವನ್ನು ಇಷ್ಟು ಬೇಗ ದಾಟಲಾಗದು. ನಲವತ್ತೆರಡು ಸಾವಿರಕ್ಕೂ ಹೆಚ್ಚು ಹಿಡುವಳಿದಾರರಿಂದ ಜಾಗ ಪಡೆಯಬೇಕಿತ್ತು. ಕರಾವಳಿಯ ಹಿಡುವಳಿ ಎಂದರೆ ಗೊತ್ತಲ್ಲ: ನಾಲ್ಕು ತೆಂಗು, ಒಂದು ಬಾವಿ, ಗದ್ದೆಯ ಒಂದು ತುಂಡು, ಮೂಲೆಯಲ್ಲಿ ನಾಗನ ಕಲ್ಲು. ಅದರ ನಟ್ಟನಡುವೆ ಗೂಟ ನೆಟ್ಟು ‘ಇಲ್ಲಿಂದ ಇಲ್ಲಿಗೆ’ ಎನ್ನುವುದು ಸುಲಭವಲ್ಲ. ಆದರೂ ಈ ಕೆಲಸ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಮುಗಿಯಿತು. ಎಷ್ಟೋ ಮಂದಿ ಮನಸಾರೆ ಬಿಟ್ಟುಕೊಟ್ಟರು, ಏಕೆಂದರೆ ಅವರ ಮಗನೋ ಅಳಿಯನೋ ಮುಂಬಯಿಯಲ್ಲಿದ್ದ. ರೈಲು ಯಾರದೋ ಕನಸಾಗಿರಲಿಲ್ಲ, ಅವರದೇ ಆಗಿತ್ತು.

ಅದೇ ಕಾರವಾರದ ಪಕ್ಕದಲ್ಲಿ ಇನ್ನೊಂದು ರಾಷ್ಟ್ರೀಯ ಯೋಜನೆ ಇದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಅರ್ಗಾ, ಬಿಣಗಾ ಕಡೆಯ ಜನ ಮನೆ, ಗದ್ದೆ, ಬಲೆ ಎಳೆಯುವ ದಡ ಎಲ್ಲವನ್ನೂ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಹೋದರು. ಪರಿಹಾರದ ಮೊಕದ್ದಮೆಗಳು ಕೋರ್ಟುಗಳಲ್ಲಿ ದಶಕಗಟ್ಟಲೆ ನಡೆದವು. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಪೂರ್ತಿ ನ್ಯಾಯವಲ್ಲ. ರೈಲು ಹಿತ್ತಿಲಿನ ಒಂದು ಪಟ್ಟಿಯನ್ನಷ್ಟೇ ತೆಗೆದುಕೊಳ್ಳುತ್ತದೆ, ಬದಲಿಗೆ ಸ್ಟೇಷನ್ನನ್ನು ಕಣ್ಣಿಗೆ ಕಾಣುವ ಹಾಗೆ ಕೊಡುತ್ತದೆ. ನೌಕಾನೆಲೆ ಊರಿಗೆ ಊರನ್ನೇ ಕೇಳುತ್ತದೆ, ಕೊಡುವುದು ದೇಶದ ಭದ್ರತೆಯನ್ನು. ಅದು ಎಲ್ಲರಿಗೂ ಸಲ್ಲುತ್ತದೆ, ತೋಡೂರಿನ ಪುನರ್ವಸತಿ ಕಾಲೊನಿಯವನಿಗೆ ಮಾತ್ರ ಹೆಚ್ಚಾಗಿ ಸಲ್ಲುವುದಿಲ್ಲ. ಅಂಥ ಕಡೆ ಲೆಕ್ಕ ಚುಕ್ತಾ ಮಾಡುವ ಅವಸರ ಇನ್ನೂ ಹೆಚ್ಚು ಇರಬೇಕಿತ್ತು. ನಾವು ಮಾಡಿದ್ದು ತಿರುಗುಮುರುಗು: ಎಲ್ಲಿ ತ್ಯಾಗ ದೊಡ್ಡದೋ ಅಲ್ಲಿಯೇ ಕಾಯಿಸಿದೆವು.

ರೈಲ್ವೆಯ ಕಥೆಯಲ್ಲೂ ಎಲ್ಲರೂ ತಲೆಯಾಡಿಸಲಿಲ್ಲ. ಗೋವಾದವರು ತಡೆದರು. ಜನ ದಟ್ಟವಾಗಿ ನೆಲೆಸಿದ ಕರಾವಳಿಯ ಪಟ್ಟಿ ಬೇಡ, ಒಳನಾಡಿನಿಂದ ಹೋಗಲಿ ಎಂಬುದು ಅವರ ವಾದ. ಹಳೆ ಗೋವಾದ ಚರ್ಚುಗಳ ಚಿಂತೆಯ ಜೊತೆಗೆ ಖಾಜನ್ ಗದ್ದೆಗಳ ಚಿಂತೆಯೂ ಅದರಲ್ಲಿತ್ತು. ಖಾಜನ್ ಎಂದರೆ ಅಘನಾಶಿನಿಯ ಕಡೆಯ ನಮ್ಮ ಗಜನಿಯ ಹಾಗೆ. ಉಪ್ಪುನೀರನ್ನು ಕಟ್ಟೆ ಕಟ್ಟಿ ಆಳುವ ಬೇಸಾಯ. ನೀರಿನ ದಾರಿಗೆ ಅಡ್ಡ ಏರಿ ಹಾಕಿದರೆ ಏನಾಗುತ್ತದೆಂದು ಆ ರೈತರಿಗೆ ಎಂಜಿನಿಯರುಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಹೈಕೋರ್ಟ್ ಅರ್ಜಿ ಬಿದ್ದುಹೋಯಿತು. 1993ರಲ್ಲಿ ಕೇಂದ್ರವೇ ಗೋವಾದ ಕೆಲಸ ನಿಲ್ಲಿಸಿ ನ್ಯಾಯಮೂರ್ತಿ ಓಝಾ ಅವರ ಆಯೋಗ ನೇಮಿಸಿತು. ಕೊನೆಗೆ ಮೂಲ ಮಾರ್ಗವೇ ಉಳಿಯಿತು. ಆ ತಿಂಗಳುಗಳನ್ನು ಯೋಜನೆಯವರು ಕಳೆದುಹೋದ ಕಾಲವೆಂದೇ ಬರೆದುಕೊಂಡಿರುತ್ತಾರೆ. ನಾನು ಹಾಗೆ ಬರೆಯಲಾರೆ. ಸೋತವರಿಗೂ ಒಮ್ಮೆ ಕೆಲಸ ನಿಲ್ಲಿಸಿ ಮಾತು ಕೇಳಿಸಲು ಸಾಧ್ಯವಾಯಿತಲ್ಲ, ಅದು ಖರ್ಚಿನ ಬಾಬ್ತು ಅಲ್ಲ.

ಹೀಗೆ ಮಂತ್ರಿಗೆ ನಿಲ್ಲಿಸುವ ಅಧಿಕಾರವಿತ್ತು, ಮುಖ್ಯ ಎಂಜಿನಿಯರಿಗಿತ್ತು, ಗಟ್ಟಿಯಾಗಿ ಕೂಗಿದರೆ ಗೋವಾದ ರೈತನಿಗೂ ಇತ್ತು. ಸುರಂಗದೊಳಗಿನ ಕೂಲಿಗೆ?

ಗಟ್ಟಿ ಬಂಡೆಯನ್ನು ಕೊರೆಯಲು ಸ್ವೀಡನ್ನಿನಿಂದ ಯಂತ್ರ ತರಿಸಿದ್ದರು. ಬಂಡೆ ಮಾತು ಕೇಳಿತು. ಕೇಳದೆ ಹೋದದ್ದು ಮಣ್ಣು. ಒಂಬತ್ತು ಸುರಂಗಗಳು ನೀರು ಕುಡಿದು ಮೆತ್ತಗಾದ ಜೇಡಿಮಣ್ಣಿನಲ್ಲಿ ಹೋಗಬೇಕಿತ್ತು. ಅಲ್ಲಿ ಯಂತ್ರ ನಡೆಯಲಿಲ್ಲ, ಕೈಯಿಂದಲೇ ಅಗೆಯಬೇಕಾಯಿತು. ಒಂದಿಷ್ಟು ಅಗೆದು, ಊರುಗೋಲು ಕೊಟ್ಟು, ಮುಂದಕ್ಕೆ ಹೋಗುವಷ್ಟರಲ್ಲಿ ಮೇಲಿನದು ಕೆಳಗೆ ಬಂದಿರುತ್ತಿತ್ತು, ಮತ್ತೆ ಮೊದಲಿನಿಂದ. ಈ ಒಂಬತ್ತು ಸುರಂಗಗಳಿಗೇ ನಾಲ್ಕು ವರ್ಷ ಹಿಡಿಯಿತು, ಹತ್ತೊಂಬತ್ತು ಜನ ಸತ್ತರು. ಇಡೀ ಯೋಜನೆಯಲ್ಲಿ ಸತ್ತವರು ಎಪ್ಪತ್ತನಾಲ್ಕು. ರತ್ನಾಗಿರಿಯಲ್ಲಿ ಅವರ ಸ್ಮಾರಕವಿದೆ.

ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ದುಡಿಯುವವನು ‘ಇವತ್ತು ಮಣ್ಣು ಸರಿಯಿಲ್ಲ, ಒಳಗೆ ಹೋಗಲಾರೆ’ ಎಂದರೆ ಅವನಿಗೆ ಅಂದಿನ ಕೂಲಿ ಇಲ್ಲ. ಎರಡು ಸಲ ಹೇಳಿದರೆ ಕೆಲಸವೇ ಇಲ್ಲ. ಅವನ ಕಿವಿಗೆ ಮಣ್ಣಿನ ಸದ್ದು ಎಲ್ಲರಿಗಿಂತ ಮೊದಲು ಕೇಳುತ್ತದೆ, ಬಾಯಿಗೆ ಮಾತ್ರ ಬೆಲೆ ಎಲ್ಲರಿಗಿಂತ ಕಡಿಮೆ. ಬೇಲಾಪುರದಿಂದ ಏಳು ವಿಭಾಗಗಳಿಗೆ ಇಳಿದುಬಂದ ಅಧಿಕಾರ ಸುರಂಗದ ಬಾಯಿಯವರೆಗೆ ಬಂದು ನಿಂತುಬಿಟ್ಟಿತು. ಇದು ಕೊಂಕಣ ರೈಲ್ವೆಯೊಂದರ ದೋಷವಲ್ಲ. ಆ ಕಾಲದ, ಈ ಕಾಲದ್ದೂ ಕೂಡ, ನಮ್ಮ ಎಲ್ಲ ದೊಡ್ಡ ಕಾಮಗಾರಿಗಳ ಏಣಿಯಲ್ಲಿ ಕೊನೆಯ ಮೆಟ್ಟಿಲು ಹೀಗೆಯೇ ಇದೆ. ಕೊಂಕಣ ರೈಲ್ವೆಯಲ್ಲಿ ಅದು ಎದ್ದು ಕಾಣುವುದು, ಮೇಲಿನ ಮೆಟ್ಟಿಲುಗಳು ಅಷ್ಟು ಚೆನ್ನಾಗಿದ್ದವು ಎಂಬ ಕಾರಣಕ್ಕೆ.

ಐದು ವರ್ಷ ಎಂದದ್ದು ಏಳು ದಾಟಿತು. 1998ರ ಜನವರಿ 26ರಂದು ಇಡೀ ಮಾರ್ಗದಲ್ಲಿ ರೈಲು ಓಡಿತು. ಉತ್ತರ ಗೋವಾದ ಪೆರ್ನೆಮ್ ಸುರಂಗ ಕೊನೆಯವರೆಗೂ ಕಾಡಿತ್ತು, ಈಗಲೂ ಬಿಟ್ಟಿಲ್ಲ: 2020ರ ಆಗಸ್ಟಿನಲ್ಲಿ ಅದರ ಗೋಡೆ ಕುಸಿಯಿತು, 2024ರ ಜುಲೈನಲ್ಲಿ ಒಳಗೆ ಕೆಸರುನೀರು ನುಗ್ಗಿ ರೈಲುಗಳನ್ನು ಸುತ್ತುದಾರಿಯಲ್ಲಿ ಕಳಿಸಬೇಕಾಯಿತು. ಉದ್ಘಾಟನೆಯ ದಿನ ನಾವು ಕಾಮಗಾರಿ ಮುಗಿಯಿತು ಎನ್ನುತ್ತೇವೆ. ಆದರೆ ಜೇಡಿಮಣ್ಣು ಉದ್ಘಾಟನೆಗೆ ಬಂದಿರಲಿಲ್ಲ.

ಅವಸರದ ಬೆಲೆ ಪ್ರಯಾಣಿಕರ ತಲೆಯ ಮೇಲೂ ಬಿತ್ತು. 2003ರ ಜೂನ್ 22ರ ರಾತ್ರಿ ವೈಭವವಾಡಿಯ ಬಳಿ ದರೆ ಕುಸಿದು ಹಳಿಗೆ ಬಿದ್ದ ಬಂಡೆಗಳಿಗೆ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜಾ ವಿಶೇಷ ರೈಲು ಬಡಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನಿನಲ್ಲೇ ಅಂಬಾವ್ಲಿ ಸೇತುವೆಯ ಹತ್ತಿರ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗೂ ಇದೇ ಗತಿಯಾಯಿತು. ಗುಡ್ಡ ಸೀಳುವಾಗ ಇಳಿಜಾರನ್ನು ಇನ್ನಷ್ಟು ಅಗಲಕ್ಕೆ ಬಿಡಿಸಿದ್ದರೆ ಹೆಚ್ಚು ನೆಲ, ಹೆಚ್ಚು ಹಣ, ಹೆಚ್ಚು ಕಾಲ ಬೇಕಿತ್ತು. ಆಗ ಉಳಿಸಿದ್ದನ್ನು ಆಮೇಲೆ ತೀರಿಸಬೇಕಾಯಿತು. ದರೆಗಳನ್ನು ಕಡಿದು ಇಳಿಜಾರು ತಗ್ಗಿಸಿದರು, ಬಂಡೆ ತಡೆಯುವ ಬಲೆ ಬಿಗಿದರು. ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಬಂತು. ಜೋರುಮಳೆಯಲ್ಲಿ ಮುಂದೆ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದು ಲೋಕೋ ಪೈಲಟ್‌ಗೆ ಆದೇಶ. ವೇಗವಾಗಿ ಕಟ್ಟಿದ ಸಂಸ್ಥೆ ನಿಧಾನವಾಗಿ ಓಡಿಸುವುದನ್ನು ಕಲಿಯಿತು. ಬೇರೆ ಕಡೆ ಇಂಥ ಪಾಠಕ್ಕೆ ಒಂದು ತನಿಖಾ ವರದಿ ಬರುತ್ತದೆ, ಕಪಾಟು ಸೇರುತ್ತದೆ.

ಈ ಬದಲಾವಣೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮಳೆಗಾಲದ ಗಸ್ತು. ಜೂನಿನಿಂದ ನೂರಾರು ಮಂದಿ ಹಗಲೂ ರಾತ್ರಿ ಹಳಿಯ ಮೇಲೆ ನಡೆಯುತ್ತಾರೆ. ತಲೆಗೆ ಪ್ಲಾಸ್ಟಿಕ್ಕು, ಕೈಯಲ್ಲಿ ಬಣ್ಣ ಬದಲಿಸುವ ದೀಪ, ಚೀಲದಲ್ಲಿ ಬಾವುಟ, ಸೀಟಿ ಮತ್ತು ರೈಲ್ವೆಯವರು ಪಟಾಕಿ ಎನ್ನುವ ಸಿಡಿಬಿಲ್ಲೆಗಳು. ಹಳಿಯ ಮೇಲೆ ಬಂಡೆ ಕಂಡರೆ ಗಸ್ತಿನವನು ಯಾರ ಅನುಮತಿಗೂ ಕಾಯಬೇಕಿಲ್ಲ. ಕೆಂಪು ದೀಪ ತೋರಿಸುತ್ತ ರೈಲು ಬರುವ ದಿಕ್ಕಿಗೆ ಓಡಬೇಕು. 600 ಮೀಟರಿಗೆ ಒಂದು ಪಟಾಕಿ, 1,200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಹಳಿಗೆ ಕಟ್ಟಬೇಕು. ಗಾಲಿ ಅದರ ಮೇಲೆ ಹಾದು ಸದ್ದಾಯಿತೋ, ರಾಜಧಾನಿ ಎಕ್ಸ್‌ಪ್ರೆಸ್ಸಾದರೂ ನಿಲ್ಲಬೇಕು. ಒಳಗೆ ಮಂತ್ರಿ ಮಲಗಿದ್ದರೂ ನಿಲ್ಲಬೇಕು. ಸಂಬಳದ ಪಟ್ಟಿಯಲ್ಲಿ ತೀರಾ ಕೆಳಗಿರುವವನ ಮಾತಿಗೆ ಅಷ್ಟೂ ಸಂಸ್ಥೆ ತಲೆಬಾಗುತ್ತದೆ. ಆಮೇಲೆ ಬಂಡೆ ಅಷ್ಟೇನೂ ದೊಡ್ಡದಲ್ಲ ಎಂದು ಗೊತ್ತಾದರೂ ‘ಯಾಕೆ ನಿಲ್ಲಿಸಿದೆ’ ಎಂದು ಅವನನ್ನು ಗದರಿಸದಿರುವುದು ಮುಖ್ಯ. ಒಮ್ಮೆ ಗದರಿಸಿದರೆ ಮುಂದಿನ ಸಲ ಅವನು ಯೋಚಿಸುತ್ತಾನೆ, ಅಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಇದೇ ಅಧಿಕಾರ 1990ರ ದಶಕದ ಸುರಂಗದ ಕೂಲಿಗೆ ಏಕಿರಲಿಲ್ಲ ಎಂದು ಕೇಳಿಕೊಂಡರೆ ಸಿಗುವ ಉತ್ತರ ಅಷ್ಟು ಹಿತವಾದದ್ದಲ್ಲ. ರೈಲು ನಿಲ್ಲಿಸಿದರೆ ಒಳಗಿನ ಪ್ರಯಾಣಿಕರು ಬದುಕುತ್ತಾರೆ. ಅಗೆತ ನಿಲ್ಲಿಸಿದರೆ ಬದುಕುವವನು ಕೂಲಿಯೊಬ್ಬನೇ.

ಈಗ ನಿಗಮವನ್ನೇ ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಬೇಕೆಂಬ ಕೂಗು ಬಲವಾಗಿದೆ, ಪಾಲುದಾರ ರಾಜ್ಯಗಳು ಒಂದೊಂದಾಗಿ ಒಪ್ಪಿಗೆ ಕೊಡುತ್ತ ಬಂದಿವೆ. ಉಡುಪಿ, ಕುಂದಾಪುರದವರ ದೂರಿನಲ್ಲಿ ಹುರುಳಿದೆ. ಮಾರ್ಗದ ಬಹುಪಾಲು ಇನ್ನೂ ಒಂಟಿ ಹಳಿ, ಇನ್ನೊಂದು ಹಾಸಲು ನಿಗಮದ ಬಳಿ ಹಣವಿಲ್ಲ. ಕಟ್ಟಲೆಂದು ಹುಟ್ಟಿದ ಸಂಸ್ಥೆಗೆ ನಡೆಸುವ ಖರ್ಚು ಹೊರುವ ಬೆನ್ನಿರಲಿಲ್ಲ; ಅದು ಯಾರ ತಪ್ಪೂ ಅಲ್ಲ, 1990ರಲ್ಲಿ ಯಾರೂ ಅಷ್ಟು ದೂರ ನೋಡಲಿಲ್ಲ. ಕಡತದಿಂದ ತಪ್ಪಿಸಿಕೊಳ್ಳಲು ಹೊರಬಂದವರು ಹಣಕ್ಕಾಗಿ ಮತ್ತೆ ಅದೇ ಕಡತದ ಬಾಗಿಲಿಗೆ ಹೋಗಬೇಕಾಗಿದೆ.

ವಿಲೀನವಾಗಲಿ. ಆದರೆ ಜಾಗ ಕೊಟ್ಟ ಮನೆಯವರಿಗೆ ಕೆಲಸದಲ್ಲಿ ನಿಗಮ ನೀಡುತ್ತ ಬಂದಿರುವ ಆದ್ಯತೆ ಮುಂದೇನಾಗುತ್ತದೆಂದು ಈಗಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ದೊಡ್ಡ ಇಲಾಖೆಗೆ ಸಣ್ಣ ಮಾತುಗಳು ನೆನಪಿರುವುದಿಲ್ಲ. ಮುಂದೊಂದು ದಿನ ದಿಲ್ಲಿಯಲ್ಲಿ ಯಾರಾದರೂ ಸಮಯಪಾಲನೆಯ ಪಟ್ಟಿ ನೋಡಿ, ಮಳೆಗಾಲದ 40 ಕಿಲೋಮೀಟರ್ ಮಿತಿ ಏಕೆ, ಇಷ್ಟೊಂದು ಗಸ್ತಿನವರು ಏಕೆ ಎಂದು ಕೇಳಬಹುದು. ಆಗ ಎದ್ದುನಿಂತು ಬೇಡ ಎನ್ನಬೇಕಾದವರು ಎಂಜಿನಿಯರುಗಳಲ್ಲ, ಬೇಗ ತಲುಪಬೇಕೆಂದು ಇಂದು ವಿಲೀನ ಕೇಳುತ್ತಿರುವ ನಾವೇ.