ಅಜ್ಜಿಗೆ ಕೇಳಬೇಕಾದ ಮೊದಲ ಪ್ರಶ್ನೆ

ತಾಲ್ಲೂಕು ಊರಿನ ಒಬ್ಬ ಸಿವಿಲ್ ವಕೀಲರ ಕಚೇರಿ. ಅವರ ಹಿಂದಿನ ಜೂನಿಯರ್ ಈಗ ಕಾನೂನು ಕಾಲೇಜಿನಲ್ಲಿ ಉಪನ್ಯಾಸಕಿ. ಆಕೆಯ ಅಂತಿಮ ವರ್ಷದ ವಿದ್ಯಾರ್ಥಿನಿ ಇಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಬೆಳಿಗ್ಗೆ ದಾರಿ ತಕರಾರಿನ ಅಜ್ಜಿಯೊಬ್ಬರು ಬಂದು ಹೋಗಿದ್ದಾರೆ. ಕಾಗದಪತ್ರ ತೆಗೆದುಕೊಂಡು ನಾಳೆ ಮತ್ತೆ ಬರುತ್ತಾರೆ.

ವಿದ್ಯಾರ್ಥಿನಿ: ಸರ್, ಆ ಅಜ್ಜಿ ಅಷ್ಟು ಹೊತ್ತು ಮಾತಾಡಿದರು, ನೀವು ಬರೆದುಕೊಂಡಿದ್ದು ನಾಲ್ಕೇ ಸಾಲು. ನಾನು ಅಷ್ಟರಲ್ಲಿ ಮನಸ್ಸಿನಲ್ಲೇ ದಾವೆ ತಯಾರು ಮಾಡಿಬಿಟ್ಟಿದ್ದೆ. ಈಸ್‌ಮೆಂಟ್ಸ್ ಕಾಯ್ದೆ 15ನೇ ಕಲಂ, 20 ವರ್ಷದ ಬಳಕೆಯಿಂದ ಬಂದ ದಾರಿ ಹಕ್ಕು. ಘೋಷಣೆ ಕೇಳೋದು, ಜೊತೆಗೆ ಇಂಜಂಕ್ಷನ್.

ವಕೀಲರು: 20 ವರ್ಷ ಅಂತ ಆಕೆ ಹೇಳಿದಳಾ?

ವಿದ್ಯಾರ್ಥಿನಿ: ‘ನಾನು ಸೊಸೆಯಾಗಿ ಬಂದಾಗಿನಿಂದ’ ಅಂದರು. ಅಷ್ಟಾಗಿಯೇ ಇರುತ್ತಲ್ಲ ಸರ್.

ವಕೀಲರು: ಇರಲಿ. ಮೈದುನ ಬೇಲಿ ಹಾಕಿದ್ದು ಯಾವಾಗ?

ವಿದ್ಯಾರ್ಥಿನಿ: ಅದು ಅವರು ಹೇಳಲಿಲ್ಲ.

ವಕೀಲರು: 15ನೇ ಕಲಂ ನಿನಗೆ ಬಾಯಿಪಾಠ ಇರಬೇಕು. ಆ 20 ವರ್ಷ ಎಲ್ಲಿಗೆ ಬಂದು ಮುಗಿಯಬೇಕು?

ವಿದ್ಯಾರ್ಥಿನಿ: ದಾವೆ ಹೂಡುವ ಹಿಂದಿನ 2 ವರ್ಷದ ಒಳಗೆ. ಅಯ್ಯೋ! ಬೇಲಿ ಹಾಕಿ ಮೂರು ವರ್ಷ ಆಗಿದ್ದರೆ ದಾವೆ ನಿಲ್ಲಲ್ಲ.

ಉಪನ್ಯಾಸಕಿ: ಅವಳ ತಪ್ಪಲ್ಲ ಸರ್, ನಾವು ಕಲಿಸಿದ್ದೇ ಹಾಗೆ. ಮೂಟ್ ಕೋರ್ಟಿನಲ್ಲಿ ಬೇಲಿ ಹಾಕಿದ ತಾರೀಕು ಮೊದಲ ಪುಟದಲ್ಲೇ ಅಚ್ಚಾಗಿರುತ್ತೆ. ಎರಡೂ ಕಡೆಯವರಿಗೆ ಒಂದೇ ಸಂಗತಿ, ಅದರ ಬಗ್ಗೆ ತಕರಾರು ಎತ್ತೋ ಹಾಗಿಲ್ಲ. ಕೋಟು ಹಾಕ್ಕೊಂಡು ‘ಮೈ ಲಾರ್ಡ್’ ಅಂತ ನಿಂತರೆ ಪ್ರಾಯೋಗಿಕ ತರಬೇತಿ ಆಯಿತು ಅಂದುಕೊಳ್ತೀವಿ. ನಿಜ ಹೇಳಬೇಕಂದ್ರೆ, ಪುಸ್ತಕದ ಪಾಠವನ್ನೇ ನಿಂತುಕೊಂಡು ಒಪ್ಪಿಸೋದು ಅದು.

ವಕೀಲರು: ಮೂಟ್ ಬೇಡ ಅಂತ ನಾನು ಅನ್ನಲ್ಲ. ನಾಲಿಗೆ ಸಡಿಲ ಆಗುತ್ತೆ, ಜಡ್ಜ್ ಎದುರಿನ ಹೆದರಿಕೆ ಹೋಗುತ್ತೆ. ಆದರೆ ಈ ಊರಿನ ಕೋರ್ಟಿನಲ್ಲಿ ಬಾಯಿಯ ಕೆಲಸ ಎಷ್ಟು, ಕಿವಿಯ ಕೆಲಸ ಎಷ್ಟು ಅಂತ ಯೋಚನೆ ಮಾಡಿ. ಏನಮ್ಮ, ನನ್ನ ನಾಲ್ಕು ಸಾಲು ಓದಿದೆಯಾ?

ವಿದ್ಯಾರ್ಥಿನಿ: ಓದಿದೆ. ಎರಡನೆಯದು ಅರ್ಥ ಆಗಲಿಲ್ಲ. ‘ಹೋಗಿ ಅತ್ತಿಗೆ ಅಂತಿದ್ದ’ ಅಂತ ಬರೆದಿದ್ದೀರಿ. ಮೈದುನ ಮೊದಲು ಒಳ್ಳೆಯವನೇ ಇದ್ದ, ಹೆಂಡತಿ ಬಂದ ಮೇಲೆ ಕೆಟ್ಟ ಅಂತ ಅಜ್ಜಿ ಹೇಳ್ತಿದ್ದರಲ್ಲ, ಅದು. ಅದು ಮನೆ ಜಗಳದ ಮಾತು ಅಂತ ನಾನು ಬಿಟ್ಟುಬಿಟ್ಟೆ.

ವಕೀಲರು: ಹಕ್ಕಿನಿಂದ ನಡೆದಾಡಿದವರಿಗೆ ಮಾತ್ರ 15ನೇ ಕಲಂ. ‘ಹೋಗಿ ಅತ್ತಿಗೆ’ ಅಂತ ಮೈದುನ ಬಿಟ್ಟಿದ್ದರೆ ಅದು ಅನುಮತಿ. ಅನುಮತಿಯಲ್ಲಿ ನೂರು ವರ್ಷ ಓಡಾಡಿದರೂ ಹಕ್ಕು ಹುಟ್ಟಲ್ಲ. ಪಾಟೀಸವಾಲಿನಲ್ಲಿ ಎದುರು ವಕೀಲ ಈ ಒಂದು ಮಾತು ಹೊರಡಿಸಿದರೆ ಸಾಕು, ನಿನ್ನ ದಾವೆ ಅಲ್ಲಿಗೇ ಮುಗಿಯಿತು. ಆಕೆಯಂತೂ ಕೇಳಿದರೆ ಮುಚ್ಚಿಡೋಳಲ್ಲ.

ಉಪನ್ಯಾಸಕಿ: ಅದೇ ಮಾತಿನಲ್ಲಿ ಇನ್ನೊಂದು ಇದೆ ಸರ್. ಮೈದುನ ಅಂದರೆ ಮೊದಲು ಒಂದೇ ಜಮೀನು, ಆಮೇಲೆ ಪಾಲು ಆಗಿದೆ. ಪಾಲಾದ ದಿನ ಆಕೆಯ ತುಂಡಿಗೆ ಬೇರೆ ದಾರಿ ಇರಲಿಲ್ಲ ಅಂತಾದರೆ 13ನೇ ಕಲಂ, ಅನಿವಾರ್ಯತೆಯ ದಾರಿ. ಅಲ್ಲಿ 20 ವರ್ಷದ ಲೆಕ್ಕವೇ ಬೇಡ, ಮೈದುನನ ಒಳ್ಳೆಯತನವೂ ಅಡ್ಡ ಬರಲ್ಲ.

ವಕೀಲರು: ಮೂರನೇ ಸಾಲು ಅದೇ. ‘ಪಾಲುಪತ್ರ, ನಕಾಶೆ, ಮೂಡಲ ಚೆಕ್ಕುಬಂದಿ’. ನಾಳೆ ತರಲಿಕ್ಕೆ ಹೇಳಿದ್ದು ಅದನ್ನೇ.

ವಿದ್ಯಾರ್ಥಿನಿ: ಹಾಗಿದ್ದರೆ ನೀವು ಅಲ್ಲೇ ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಸರ್? ‘ಅಜ್ಜಿ, ಇಂಥಿಂಥಾ ಎರಡು ದಾರಿ ಇವೆ, ಇದಕ್ಕೆ ಇದು ಬೇಕು, ಅದಕ್ಕೆ ಅದು ಬೇಕು’ ಅಂತ?

ವಕೀಲರು: ಹೇಳಿದ್ದರೆ ಆಕೆ ಏನನ್ನುತ್ತಿದ್ದಳು? 20 ವರ್ಷ ಬೇಕು ಅಂದರೆ ‘ಹೌದು ಸ್ವಾಮಿ, 20 ಆಗಿದೆ’ ಅಂತಿದ್ದಳು. ಬೇರೆ ದಾರಿ ಇರಬಾರದು ಅಂದರೆ ‘ಎಲ್ಲಿದೆ ಸ್ವಾಮಿ’ ಅಂತಿದ್ದಳು. ಸುಳ್ಳು ಹೇಳಬೇಕು ಅಂತಲ್ಲ. ವಕೀಲರ ಮುಂದೆ ಕೂತವರಿಗೆ ವಕೀಲರಿಗೆ ಬೇಕಾದ್ದನ್ನು ಕೊಡೋಣ ಅನ್ನಿಸುತ್ತೆ. ಒಂದು ಸಲ ಹಾಗೆ ಬಾಯಿಂದ ಬಂದ ಮೇಲೆ ಆಕೆಗೂ ಅದೇ ನಿಜ ಆಗಿಬಿಡುತ್ತೆ.

ವಿದ್ಯಾರ್ಥಿನಿ: ಅಂದರೆ ಕಕ್ಷಿದಾರರಿಂದ ಕಾನೂನು ಬಚ್ಚಿಡೋದು ಕೌಶಲ ಅನ್ನಿಸಿಕೊಳ್ಳುತ್ತಾ? ಅಜ್ಜಿಗೆ ಅಕ್ಷರ ಬರಲ್ಲ. ಓದಿದ ಪಾರ್ಟಿ ಬಂದಿದ್ದರೆ ಅವರೇ ಫೋನಿನಲ್ಲಿ 15ನೇ ಕಲಂ ಹುಡುಕಿ, ಬೇಕಾದ ಕಥೆ ಸಿದ್ಧ ಮಾಡಿಕೊಂಡು ಬರ್ತಿದ್ದರು. ಗೊತ್ತಿಲ್ಲದವರ ಹತ್ತಿರ ಮಾತ್ರ ನಾವು ಸತ್ಯ ಕೇಳ್ತೀವಿ. ಇದು ನ್ಯಾಯವಾ?

ವಕೀಲರು: (ನಗುತ್ತಾ) ಇದನ್ನ ನೀನು ಎಲ್ಲಿ ಕಲಿಸ್ತೀಯ, ಹೇಳು. ಡ್ರಾಫ್ಟಿಂಗ್ ಪೇಪರಿನಲ್ಲೋ, ಎಥಿಕ್ಸ್ ಪೇಪರಿನಲ್ಲೋ?

ಉಪನ್ಯಾಸಕಿ: ಎರಡರಲ್ಲೂ ಇಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲಿ ಕಡ್ಡಾಯ ಕ್ಲಿನಿಕಲ್ ಪೇಪರು ನಾಲ್ಕು. ದಾವೆ ಬರೆಯೋದು ಒಂದು, ವೃತ್ತಿ ನೀತಿ ಬೇರೊಂದು, ರಾಜಿ ಮಧ್ಯಸ್ಥಿಕೆ ಮತ್ತೊಂದು, ಮೂಟ್ ಮತ್ತು ಇಂಟರ್ನ್‌ಶಿಪ್ ಕೊನೆಯದು. ಅಜ್ಜಿಯ ಹತ್ತಿರ ಈ ನಾಲ್ಕೂ ಒಂದೇ ಉಸಿರಿನಲ್ಲಿ ಬರುತ್ತವೆ, ನಮ್ಮಲ್ಲಿ ಬೇರೆ ಬೇರೆ ದಿನ ಪರೀಕ್ಷೆ. ಕಕ್ಷಿದಾರರ ಸಂದರ್ಶನ ಅಂತ ನಾಲ್ಕನೆಯದರಲ್ಲಿ ಇದೆ, ಎರಡು ನೋಡಿ ಡೈರಿ ಬರೆದರೆ ಆಯಿತು. ನೋಡಬೇಕು ಅಂತಿದೆ ಸರ್, ಮಾಡಬೇಕು ಅಂತಿಲ್ಲ.

ವಕೀಲರು: ಆ ಡೈರಿಗಳನ್ನು ನಾನು ನೋಡಿದ್ದೀನಿ. ಒಬ್ಬ ಬರೆದದ್ದನ್ನು ಹತ್ತು ಜನ ಬರೆದಿರ್ತಾರೆ. ನಮ್ಮವರೂ ಕಣ್ಣು ಮುಚ್ಚಿಕೊಂಡು ಸೀಲ್ ಒತ್ತುತ್ತಾರೆ, ಬರೀ ಹುಡುಗರನ್ನ ಬೈದು ಏನು ಪ್ರಯೋಜನ.

ಉಪನ್ಯಾಸಕಿ: ಕೆಲಸ ಕಲಿಸೋದು ಯಾರ ಪಾಲಿಗೆ ಅನ್ನೋದೇ ನಮ್ಮಲ್ಲಿ ತೀರ್ಮಾನ ಆಗಿಲ್ಲ. 1961ರ ಅಡ್ವೊಕೇಟ್ಸ್ ಕಾಯ್ದೆಯಲ್ಲಿ ಸನದು ಕೊಡುವ ಮುಂಚೆ ತರಬೇತಿ, ಪರೀಕ್ಷೆ ಅಂತಿತ್ತು. 1973ರ ತಿದ್ದುಪಡಿಯಲ್ಲಿ ತೆಗೆದರು. 1995ರಲ್ಲಿ ಬಾರ್ ಕೌನ್ಸಿಲ್ ಒಂದು ವರ್ಷದ ತರಬೇತಿ ನಿಯಮ ತಂದಿತು. ಅದಕ್ಕೆ ಆ ಅಧಿಕಾರ ಇಲ್ಲ ಅಂತ 1999ರಲ್ಲಿ ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಮೇಲೆ ಬಂದದ್ದು ಅಖಿಲ ಭಾರತ ವಕೀಲರ ಪರೀಕ್ಷೆ, ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕೋ 100 ಪ್ರಶ್ನೆ.

ವಕೀಲರು: ಜಡ್ಜ್ ಆಗೋರ ಕಥೆ ನೋಡಿ. ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಅಂತಿದ್ದದ್ದನ್ನು ನಮ್ಮ ಜಸ್ಟಿಸ್ ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ಬಿಟ್ಟರು. ಮತ್ತೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಬೇಕು ಅಂದಿತು. ಹತ್ತು ವರ್ಷದ ಅನುಭವ ಇರೋ ವಕೀಲರ ಸರ್ಟಿಫಿಕೇಟ್ ಇದ್ದರೆ ಸಾಕು, ನ್ಯಾಯಾಧೀಶರ ರುಜು ಒಂದು. ನನ್ನ ಹತ್ತಿರಾನೂ ಕೇಳಿಕೊಂಡು ಬರ್ತಾರೆ. ಮೂರು ವರ್ಷ ಕಳೆಯೋದಕ್ಕೂ ಮೂರು ವರ್ಷ ಕಲಿಯೋದಕ್ಕೂ ಆ ಕಾಗದದಲ್ಲಿ ವ್ಯತ್ಯಾಸ ಕಾಣಲ್ಲ.

ವಿದ್ಯಾರ್ಥಿನಿ: ಕಳೆಯಲಿಕ್ಕಾದರೂ ದುಡ್ಡು ಬೇಕಲ್ಲ ಸರ್. ನಮ್ಮ ಸೀನಿಯರ್ ಅಕ್ಕ ಒಬ್ಬರು ಒಂದು ಆಫೀಸಿನಲ್ಲಿ ವರ್ಷವಿಡೀ ವಾಯಿದೆ ಕೇಳಿದ್ದೇ ಕೆಲಸ. ಬಸ್ ಚಾರ್ಜೂ ಕೊಡಲಿಲ್ಲವಂತೆ. ಜೂನಿಯರ್‌ಗಳಿಗೆ ತಿಂಗಳಿಗೆ ಇಷ್ಟು ಕೊಡಿ ಅಂತ 2024ರಲ್ಲಿ ಬಾರ್ ಕೌನ್ಸಿಲ್ ಸುತ್ತೋಲೆ ಬಂತು, ಹಳ್ಳಿ ಕಡೆಗೆ 15,000, ನಗರಕ್ಕೆ 20,000. ಆದರೆ ಅದು ಸಲಹೆ ಅಷ್ಟೇ. ಅಪ್ಪ ವಕೀಲರಾಗಿದ್ದವರಿಗೆ ಈ ಕಲಿಕೆ ಮನೆ ಊಟದ ಜೊತೆಗೇ ಬರುತ್ತೆ. ಕಾಲೇಜಿನಲ್ಲಿ ಕಲಿಸದೇ ಹೋದರೆ ನಮ್ಮಂಥವರು ಎಲ್ಲಿ ಕಲಿಯೋದು?

ವಕೀಲರು: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ವಿದ್ಯಾರ್ಥಿನಿ: ಮೊದಲಿನದಕ್ಕೂ ಹೇಳಲಿಲ್ಲ ನೀವು. ಕಾನೂನು ಬಚ್ಚಿಡೋದು ನ್ಯಾಯವಾ ಅಂತ ಕೇಳಿದ್ದೆ.

ಉಪನ್ಯಾಸಕಿ: ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಒಂದು ಮಾತಿದೆ. ಅರ್ಥಿ ಹೇಗೆ ಹೇಳಿದನೋ ಹಾಗೇ ದೂರು ಬರೆಯಬೇಕು, ಅದೂ ಎದುರಾಳಿಯ ಮುಂದೆ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನು, ಆ ಕಲ್ಯಾಣ ಅಂದರೆ ಇವತ್ತಿನ ನಮ್ಮ ಬಸವಕಲ್ಯಾಣ. ಹೇಳಿದ ಹಾಗೇ ಬರೆಯೋದು ಅಷ್ಟು ಸುಲಭ ಆಗಿದ್ದರೆ ಅದಕ್ಕೊಂದು ವಿಧಿ ಬೇಕಿರಲಿಲ್ಲ.

ವಕೀಲರು: ಆದರೆ ‘ಹೇಳಿದ ಹಾಗೇ’ ಬರೆದರೆ ನಮ್ಮ ಶಿರಸ್ತೇದಾರ್ ದಾವೆ ವಾಪಸ್ ಎಸೀತಾರೆ ಮೇಡಂ! ಸಿ.ಪಿ.ಸಿ. 6ನೇ ಆರ್ಡರ್, 2ನೇ ರೂಲ್. ಮುಖ್ಯ ಸಂಗತಿ ಬೇಕು, ಸಾಕ್ಷ್ಯ ಬೇಡ, ಅಳು ಬೇಡ. ಅಜ್ಜಿಯ ಮಾತಿನಲ್ಲಿ ಮುಕ್ಕಾಲು ಪಾಲು ನಾನು ಬಿಡಲೇಬೇಕು. ಬಿಟ್ಟು ಬರೆದದ್ದರ ಕೆಳಗೆ ಆಕೆಯೇ ಹೆಬ್ಬೆಟ್ಟು ಒತ್ತಬೇಕು, ‘ಇದೆಲ್ಲ ನನ್ನ ತಿಳಿವಳಿಕೆಯಲ್ಲಿ ನಿಜ’ ಅಂತ. ಆದ್ದರಿಂದ ನಿನ್ನ ಪ್ರಶ್ನೆಗೆ ನಾನು ಹೇಳೋದು ಇಷ್ಟು. ಮೊದಲು ಕೇಳೋದು. ಕೇಳಿ ಬರೆದುಕೊಂಡ ಮೇಲೆ ಕಾನೂನು ಪೂರ್ತಿ ಹೇಳೋದು. ಗೆಲ್ಲೋದು ಎಲ್ಲಿ, ಸೋಲೋದು ಎಲ್ಲಿ, ಎರಡೂ. ಹೆಬ್ಬೆಟ್ಟಿಗೆ ಮುಂಚೆ ದಾವೆ ಓದಿ ಹೇಳೋದು. ಬಚ್ಚಿಡೋದಲ್ಲ, ಹಿಂದೆಮುಂದೆ ಅಷ್ಟೇ.

ವಿದ್ಯಾರ್ಥಿನಿ: ಕಾನೂನು ಕೇಳಿದ ಮೇಲೆ ಅವರು ‘ಸ್ವಾಮಿ, ಈಗ ನೆನಪಾಯಿತು, ಮೈದುನ ಹಾಗೆ ಅನ್ನುತ್ತಿರಲಿಲ್ಲ’ ಅಂದರೆ?

ವಕೀಲರು: ಒಂದೊಂದು ಸಲ ನಿಜವಾಗಿಯೂ ನೆನಪಾಗುತ್ತೆ.

ವಿದ್ಯಾರ್ಥಿನಿ: ಇನ್ನೊಂದು ಸಲ?

ವಕೀಲರು: ಇನ್ನೊಂದು ಸಲ ಗೊತ್ತಾಗುತ್ತೆ. ಹೇಗೆ ಅಂತ ಕೇಳಬೇಡ. ನಿಮ್ಮ ಮೇಡಂಗೂ ನಾನು ಹೇಳಿಕೊಡಲಿಲ್ಲ.

ಉಪನ್ಯಾಸಕಿ: ಹೇಳಿಕೊಡಲಿಲ್ಲ, ಆದರೆ ಪಕ್ಕದಲ್ಲಿ ಕೂರಿಸಿಕೊಂಡಿರಿ. ಪಾರ್ಟಿ ಎದ್ದು ಹೋದ ಮೇಲೆ ‘ನಿನಗೇನನ್ನಿಸಿತು’ ಅಂತ ಕೇಳ್ತಿದ್ದಿರಿ. ಅಷ್ಟು ಮಾತ್ರ ಕಾಲೇಜಿನಲ್ಲೂ ಮಾಡಬಹುದು. ಪ್ರತಿ ಕಾಲೇಜಿನಲ್ಲೂ ಉಚಿತ ಕಾನೂನು ನೆರವು ಕೇಂದ್ರ ಇರಲೇಬೇಕು ಅಂತ ನಿಯಮವೇ ಇದೆ. ಈಗ ಅದು ಬ್ಯಾನರ್, ಫೋಟೊ, ಜಾಗೃತಿ ಜಾಥಾ.

ವಿದ್ಯಾರ್ಥಿನಿ: ಅಲ್ಲಿಗೆ ಬರೋರು ಯಾರು ಮೇಡಂ? ದುಡ್ಡಿಲ್ಲದವರು. ನಾವು ಕೈ ಪಳಗಿಸಿಕೊಳ್ಳೋದು ಅವರ ಮೇಲೆ. ನನ್ನ ತಪ್ಪಿನ ಖರ್ಚು ಅಜ್ಜಿ ಕೊಡಬೇಕಾ?

ವಕೀಲರು: ಈಗಲೂ ಅವರೇ ಕೊಡ್ತಿದ್ದಾರೆ. ಸನದು ಬಂದ ಮಾರನೇ ದಿನದ ವಕೀಲ ತಪ್ಪು ಮಾಡೋದು ಯಾರ ಕೇಸಿನಲ್ಲಿ? ದೊಡ್ಡ ಕಂಪನಿಯ ಕೇಸಿನಲ್ಲಂತೂ ಅಲ್ಲ. ವಿದ್ಯಾರ್ಥಿ ಕೋರ್ಟಿನಲ್ಲಿ ವಾದ ಮಾಡೋ ಹಾಗಿಲ್ಲ, ಆದ್ದರಿಂದ ಹಿಂದೊಬ್ಬ ತಿದ್ದೋನು ಇದ್ದೇ ಇರ್ತಾನೆ. ಸನದು ಬಂದ ಮೇಲೆ ಯಾರೂ ಇರಲ್ಲ. ನಾಳೆ ಆಕೆಯ ಹತ್ತಿರ ನೀನೇ ಮಾತಾಡು. ಇನ್ನೂ ವಕೀಲೆ ಅಲ್ಲ, ಕಲಿಯುತ್ತಿದ್ದೀನಿ ಅಂತ ಮೊದಲೇ ಹೇಳು. ಬೇಡ ಅಂದರೆ ಸುಮ್ಮನೆ ಕೂತು ಬರೆದುಕೋ.

ವಿದ್ಯಾರ್ಥಿನಿ: ಒಪ್ಪಿದರೆ ಮೊದಲು ‘ಪಾಲು ಯಾವಾಗ ಆಯಿತು’ ಅಂತ ಕೇಳ್ತೀನಿ.

ಉಪನ್ಯಾಸಕಿ: ಅದರಲ್ಲಿ ಆಗಲೇ 13ನೇ ಕಲಂ ಕೂತಿದೆಯಲ್ಲ.

ವಿದ್ಯಾರ್ಥಿನಿ: ‘ಬೇಲಿ ಯಾವಾಗ’ ಅಂದರೆ 15. ಹಾಗೆ ನೋಡಿದರೆ ಕಾನೂನಿಲ್ಲದ ಪ್ರಶ್ನೆ ಯಾವುದಿದೆ ಸರ್? ‘ಏನಾಯಿತು ಹೇಳಿ’ ಅಂತ ನೀವು ಇವತ್ತು ಬಿಟ್ಟಿರಿ, ಆದರೆ ಆ ನಾಲ್ಕು ಸಾಲು ಆರಿಸಿದ್ದು ನಿಮ್ಮ ಕಾನೂನೇ.

ವಕೀಲರು: ಹೌದಲ್ಲ. ಹಾಗಾದರೆ ನಾಳೆ ಆಕೆಯ ಉತ್ತರ ಮಾತ್ರ ಬರೆಯಬೇಡ. ನೀನು ಕೇಳಿದ ಪ್ರಶ್ನೆಯನ್ನೂ ಕೇಳಿದ ಹಾಗೇ ಬರಿ.

ಉಪನ್ಯಾಸಕಿ: ಇಂಟರ್ನ್‌ಶಿಪ್ ಡೈರಿಯಲ್ಲಿ ಅದಕ್ಕೆ ಜಾಗ ಇಲ್ಲ.

ವಿದ್ಯಾರ್ಥಿನಿ: ಮಾರ್ಜಿನ್ ಇದೆಯಲ್ಲ ಮೇಡಂ.