ಅಗ್ರಹಾರದ ಮಹಾಜನರು

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಮೆಟ್ರೋ ರೈಲು ಓಡಲು ತೊಡಗಿತಷ್ಟೆ. ಆ ದಾರಿಯ ನಿಲ್ದಾಣಗಳ ಹೆಸರನ್ನು ಒಂದರ ಹಿಂದೆ ಒಂದಾಗಿ ಓದಿಕೊಂಡು ಹೋಗುವುದು ನನಗೊಂದು ವಿನೋದ. ಬೆರಟೇನ ಅಗ್ರಹಾರ, ಆಮೇಲೆ ಎಲೆಕ್ಟ್ರಾನಿಕ್ ಸಿಟಿ, ಅದರಾಚೆ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ. ಎರಡು ಅಗ್ರಹಾರಗಳ ನಡುವೆ ಒಂದು ಸಿಟಿ! ಹಣ ಕೊಟ್ಟ ಸಂಸ್ಥೆಯ ಹೆಸರು ಮುಂದೆ, ಊರಿನ ಹೆಸರು ಹಿಂದೆ ಎಂದು ಕೆಲವರಿಗೆ ಕೋಪ. ನನಗಿಲ್ಲ. ನಮ್ಮ ಹಳೆಯ ಛತ್ರಗಳೂ ಕಟ್ಟಿಸಿದವರ ಹೆಸರನ್ನೇ ಹೊತ್ತು ನಿಂತಿವೆ. ನನ್ನನ್ನು ಕಾಡುವುದು ‘ಅಗ್ರಹಾರ’ ಎಂಬ ಶಬ್ದ.

ಅಗ್ರಹಾರವೆಂದರೇನೆಂದು ಶಾಸನಗಳನ್ನು ಓದಿದವರು ಬಲ್ಲರು. ಅರಸನೋ ದಂಡನಾಯಕನೋ ಒಂದು ಊರನ್ನು ವಿದ್ವಾಂಸರಾದ ಬ್ರಾಹ್ಮಣರಿಗೆ ಧಾರೆಯೆರೆದು ಕೊಡುತ್ತಿದ್ದ. ಹಲವೆಡೆ ತೆರಿಗೆಯೂ ಮಾಫಿ, ಅದು ಸರ್ವಮಾನ್ಯ. ಕೆರೆ, ದೇವಸ್ಥಾನ, ಪಾಠಶಾಲೆ, ವ್ಯಾಜ್ಯ ಎಲ್ಲವನ್ನೂ ಮಹಾಜನರ ಸಭೆ ನೋಡಿಕೊಳ್ಳುತ್ತಿತ್ತು. ಚೆನ್ನಾಗಿಯೇ ನೋಡಿಕೊಳ್ಳುತ್ತಿತ್ತೆಂಬುದಕ್ಕೆ ಶಾಸನಗಳು ಸಾಕ್ಷಿ. (ಶಾಸನ ಬರೆಯಬಲ್ಲವರೂ ಅವರೇ ಎಂಬುದು ಬೇರೆ ಮಾತು.) ಆದರೆ ಆ ಊರಿನ ಗದ್ದೆ ಉಳುವವನಿಗೆ, ಕುಂಬಾರನಿಗೆ, ಅಗಸನಿಗೆ ಸಾಮಾನ್ಯವಾಗಿ ಆ ಸಭೆಯಲ್ಲಿ ಜಾಗವಿರಲಿಲ್ಲ. ಅವರು ಊರಿನಲ್ಲಿದ್ದರು, ಊರೆಂದು ಎಣಿಸುವಾಗ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈಗ ಎಲೆಕ್ಟ್ರಾನಿಕ್ ಸಿಟಿಗೆ ಬರೋಣ. 1970ರ ದಶಕದ ಕೊನೆಯಲ್ಲಿ, ಆರ್.ಕೆ. ಬಾಳಿಗರ ಮುಂದಾಳ್ತನದಲ್ಲಿ, ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಇದಕ್ಕೆ ತಳಹದಿ ಹಾಕಿತು. 2013ರಲ್ಲಿ ಇಲ್ಲಿಗೆ ಕೈಗಾರಿಕಾ ಟೌನ್‌ಷಿಪ್ ಪ್ರಾಧಿಕಾರ ಬಂತು. ಕರೆಯುವ ಹೆಸರು ಎಲ್ಸಿಟಾ. ಆಸ್ತಿ ತೆರಿಗೆ ಎತ್ತುವುದು, ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವುದು, ರಸ್ತೆ, ದೀಪ, ಕಸ, ಎಲ್ಲವೂ ಅದರ ಕೈಗೆ. ತೆರಿಗೆಯ ಒಂದು ಪಾಲು ಸುತ್ತಲಿನ ಊರುಗಳ ಸ್ಥಳೀಯ ಸಂಸ್ಥೆಗಳಿಗೆ. ಪ್ರಾಧಿಕಾರದಲ್ಲಿ ಕೂಡುವವರು ಉದ್ದಿಮೆಗಳ ಪ್ರತಿನಿಧಿಗಳು, ಸರ್ಕಾರದ ಅಧಿಕಾರಿಗಳು. ವಾರ್ಡಿಲ್ಲ, ಮತದಾನವಿಲ್ಲ. ಇದು ಕಾನೂನಿಗೆ ಹೊರತಾದದ್ದೇನೂ ಅಲ್ಲ. ನಗರಗಳಿಗೆ ಚುನಾಯಿತ ಪೌರಸಭೆ ಇರಲೇಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯೇ, ಉದ್ದಿಮೆಯೇ ಸೌಕರ್ಯ ಒದಗಿಸುವ ಕಡೆ ಅದು ಬೇಡವೆನ್ನಲು ರಾಜ್ಯಪಾಲರಿಗೆ ಅವಕಾಶ ಕೊಟ್ಟಿದೆ. ಮುಂಬಾಗಿಲಿಗೆ ತೋರಣ ಕಟ್ಟಿದವರೇ ಹಿತ್ತಲ ಬಾಗಿಲನ್ನೂ ಇಟ್ಟರು.

ಅಲ್ಲಿ ಬಹುಕಾಲ ದುಡಿದ ಮಿತ್ರರೊಬ್ಬರಿಗೆ ನನ್ನ ಈ ಗೊಣಗಾಟ ಹಿಡಿಸುವುದಿಲ್ಲ. “ಒಳಗೆ ರಸ್ತೆ ನೋಡಿ, ಹೊರಗೆ ರಸ್ತೆ ನೋಡಿ, ಆಮೇಲೆ ಮಾತಾಡಿ. ಚುನಾವಣೆಯಿಂದ ಬೆಂಗಳೂರಿಗೆ ಏನು ಬಂತು ಸ್ವಾಮಿ?” ಎನ್ನುತ್ತಾರೆ. ಒಳಗಿನ ರಸ್ತೆ ಚೆನ್ನಾಗಿದೆ, ಒಪ್ಪಿದೆ. “ನಿಮ್ಮ ಪಾಲಿಕೆಯಲ್ಲಿ ತಾನೆ ಪುರಪಿತೃಗಳು ಎಲ್ಲಿದ್ದರು?” ಎಂಬುದು ಅವರ ಮುಂದಿನ ಬಾಣ. ಅದೂ ನಿಜ. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದಾಗಿ ಒಡೆಯುವವರೆಗೂ ಚುನಾವಣೆಯೇ ನಡೆಯಲಿಲ್ಲ. ಆದರೂ ಎರಡೂ ಒಂದೇ ಅಲ್ಲ. ನಗರದಲ್ಲಿ ಸಾಲ ತೀರಿಸದೆ ತಲೆ ತಪ್ಪಿಸಿಕೊಂಡರು. ಇಲ್ಲಿ ಸಾಲವೇ ಇಲ್ಲವೆಂದು ಪತ್ರ ಮಾಡಿಟ್ಟಿದ್ದಾರೆ.

“ತೆರಿಗೆ ಕೊಡುವವರಿಗೆ ತಾನೆ ಮಾತಿನ ಹಕ್ಕು?” ಇದು ಅವರ ಕೊನೆಯ ವಾದ, ಬಹು ಹಳೆಯದು. 1881ರಲ್ಲಿ ರಂಗಾಚಾರ್ಲು ಅವರು ದಿವಾನರಾಗಿದ್ದಾಗ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಮೊದಮೊದಲು ಕೂಡುತ್ತಿದ್ದವರು ಜಮೀನುದಾರರು, ವರ್ತಕರು. ಏನೂ ಇಲ್ಲದವನೂ ಒಂದು ಮತಕ್ಕೆ ಅರ್ಹನೆಂದು ದೇಶ ಒಪ್ಪಿ, 1951–52ರಲ್ಲಿ ಅವನನ್ನು ಸಾಲಿನಲ್ಲಿ ನಿಲ್ಲಿಸಲು ಎಪ್ಪತ್ತು ವರ್ಷ ಹಿಡಿಯಿತು. ನಡೆದು ಬಂದ ಆ ದಾರಿಯಲ್ಲಿ ಹಿಂದಕ್ಕೆ ಹೋಗುವುದಾದರೆ ಹೋಗೋಣ. ಆದರೆ ಹಿಂದಕ್ಕೆ ಹೋಗುತ್ತಿದ್ದೇವೆಂದು ಹೇಳಿಯೇ ಹೋಗೋಣ.

ದೀಪ, ಕಸಗಳ ಮಾತಾದರೆ ನಾನು ಸುಮ್ಮನಿದ್ದೇನು. ಕಷ್ಟವಿರುವುದು ನಕ್ಷೆಯಲ್ಲಿ. ಹತ್ತು ಮಹಡಿಯ ಕಚೇರಿಯೊಂದು ಏಳಬೇಕೆಂದು ಒಳಗೆ ತೀರ್ಮಾನವಾಗುತ್ತದೆ. ಅದರಲ್ಲಿ ದುಡಿಯುವ ಸಾವಿರಾರು ಮಂದಿ ಮಲಗುವುದು ಬೇಲಿಯ ಹೊರಗೆ, ದೊಡ್ಡತೋಗೂರಿನ ಪೇಯಿಂಗ್ ಗೆಸ್ಟ್ ಮನೆಗಳಲ್ಲಿ. ಅವರಿಗೆ ಬೇಕಾದ ಕೊಳವೆಬಾವಿ, ಟ್ಯಾಂಕರು, ಚರಂಡಿ, ಕಿರಿದಾದ ಓಣಿಯಲ್ಲಿ ಬೆಳಗಿನ ಎಂಟು ಗಂಟೆಯ ನೂಕುನುಗ್ಗಲು, ಇವೆಲ್ಲ ಆ ಊರಿನ ಪಾಲು. ತೀರ್ಮಾನ ಒಂದು ಕಡೆ, ಅದರ ಫಲವನ್ನು ಉಣ್ಣುವವರು ಇನ್ನೊಂದು ಕಡೆ. ತೆರಿಗೆಯ ಪಾಲು ಕೊಟ್ಟೆವಲ್ಲ ಎನ್ನಬಹುದು. ಪಾಲು ಕೊಟ್ಟದ್ದು ಸರಿ. ಬಡಿಸುವ ಮುಂಚೆ ಏನು ಅಡುಗೆ ಮಾಡೋಣ ಎಂದು ಕೇಳಿದ್ದುಂಟೇ? ಕಚೇರಿಯ ಕಾವಲುಗಾರ, ಕಸ ಗುಡಿಸುವಾಕೆ ಇರಲಿ, ಒಳಗೆ ಲಕ್ಷಾಂತರ ಸಂಬಳ ಎಣಿಸುವ ಇಂಜಿನಿಯರಿಗೂ ಆ ಸಭೆಯಲ್ಲಿ ಮತವಿಲ್ಲ. ಆತನಿಗೆ ಇದು ತಿಳಿದಿದೆಯೋ ಇಲ್ಲವೋ! ಸುತ್ತಣ ಊರುಗಳು ಚುನಾಯಿಸಿದ ನಾಲ್ಕು ಜನರೂ ದುಡಿಯುವವರ ಇಬ್ಬರೂ ಆ ಮೇಜಿನ ಸುತ್ತ ಕುಳಿತರೆ ರಸ್ತೆಯಲ್ಲಿ ಗುಂಡಿ ಬೀಳುತ್ತದೆಂದು ನಾನು ನಂಬಲಾರೆ.

ಪೀಣ್ಯದ ಸಣ್ಣ ಉದ್ಯಮಿಗಳೂ ತಮಗೊಂದು ಇಂಥದೇ ಪ್ರಾಧಿಕಾರ ಬೇಕೆಂದು ಕೇಳುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ಅಲ್ಲಿನ ರಸ್ತೆ ಕಂಡವರಿಗೆ ಆ ಬಯಕೆ ತಪ್ಪೆನಿಸದು. ಆದರೆ ಪೀಣ್ಯ ಪಾಲಿಕೆಯ ಒಳಗಿನದು. ಅಲ್ಲಿ ವಾಸಿಸುವವರಿಗೆ ಕಾಗದದ ಮೇಲಾದರೂ ಒಂದು ಮತವಿದೆ. ಅವರು ಕೇಳಿದ್ದು ಸಿಕ್ಕುವ ದಿನ ಬಂದರೆ, ಸರ್ಕಾರದ ಅಧಿಸೂಚನೆಯನ್ನು ತರಿಸಿಕೊಂಡು, ಲೇತ್ ತಿರುಗಿಸುವವನಿಗೂ, ರಾಜಗೋಪಾಲನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಗಾರ್ಮೆಂಟ್ಸಿಗೆ ಹೋಗುವ ಹೆಂಗಸಿಗೂ ಅದರಲ್ಲಿ ಒಂದು ಸಾಲು ಬಿಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕೆಂದಿದ್ದೇನೆ.